ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಮನೆಯಲ್ಲಿ ಬಳಸುವ ಮುನ್ನ

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಶಿಗ್ಗಾವಿ ಕಡೆಯವರು. ಧಾರವಾಡದ ಕೃಷಿ ಮೇಳಕ್ಕೆ ಬಂದಾಗ 100 ಮಿ.ಲೀ. ಲೆಮನ್ ಗ್ರಾಸ್, ಅಂದರೆ ಮಜ್ಜಿಗೆ ಹುಲ್ಲಿನ, ಎಣ್ಣೆಯ ಬಾಟಲಿಯೊಂದನ್ನು ಕೊಂಡೆ. ನಮ್ಮ ಅತ್ತೆಯವರಿಗೆ ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆಯೂ ಇದೆ. ಅವರ ಕಾಲಿಗೆ ಇದನ್ನು ತಿಕ್ಕಬಹುದೆ? ಒಂದೂವರೆ ವರ್ಷದ ಮೊಮ್ಮಗನಿಗೆ ಸೊಳ್ಳೆ ಕಡಿಯದಂತೆ ಸವರಬಹುದೆ? ಹಿತ್ತಲಿನ ಹುಲ್ಲನ್ನು ಚಹಾಕ್ಕೆ ಹಾಕುತ್ತೇವೆ. ಅದರ ಬದಲು ಎಣ್ಣೆಯ ಎರಡು ಹನಿ ಹಾಕಿದರೆ ನಡೆದೀತೆ? ಇದು ಅಸಲಿ ಎಣ್ಣೆಯೋ ಅಲ್ಲವೋ ತಿಳಿಯುವುದು ಹೇಗೆ? ನಮ್ಮ ಸ್ವಸಹಾಯ ಸಂಘದವರು ಇದರಿಂದ ಸೋಪು ಮಾಡಿ ಮಾರುವ ವಿಚಾರದಲ್ಲಿದ್ದಾರೆ. ಅದರ ಬಗ್ಗೆಯೂ ತಿಳಿಸಿರಿ.

ಉತ್ತರ: ತಮ್ಮ ಪ್ರಶ್ನೆಗಳ ನಡುವೆ ಬಂದಿರುವ ಚಹಾದ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದವಕ್ಕಿಂತ ಅದರಲ್ಲಿಯೇ ಅಪಾಯ ಹೆಚ್ಚು. ದಯವಿಟ್ಟು ಎಣ್ಣೆಯನ್ನು ಚಹಾಕ್ಕೆ ಹಾಕಬೇಡಿರಿ. ಹಿತ್ತಲಿನ ಹುಲ್ಲನ್ನು ಎಂದಿನಂತೆ ಹಾಕಿಕೊಳ್ಳಿರಿ, ಅದರಿಂದ ತೊಂದರೆಯಿಲ್ಲ. ಹುಲ್ಲಿನಲ್ಲಿರುವುದೇ ತಾನೆ ಎಣ್ಣೆಯಲ್ಲೂ ಇರುವುದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ತಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿರಿ. ಅದನ್ನು ನಿತ್ಯ ಸಾರಿಗೆ ಹಾಕುತ್ತೇವೆಂದು, ಕಾರ್ಖಾನೆಯಲ್ಲಿ ಅದರಿಂದ ತೆಗೆದ ಗಟ್ಟಿ ಸತ್ವವನ್ನು ಯಾರೂ ಚಮಚದಲ್ಲಿ ಅಳೆದು ಸಾರಿಗೆ ಸುರಿಯುವುದಿಲ್ಲ. ಈ ಎಣ್ಣೆಯೂ ಅಂಥದೇ ಸತ್ವ, ಆದ್ದರಿಂದ ಇದನ್ನು ಹನಿಯ ಲೆಕ್ಕದಲ್ಲಿಯೇ ನೋಡಬೇಕು.

ಆ ಲೆಕ್ಕ ಹೀಗಿದೆ. ನೂರು ಕಿಲೋ ಹಸಿ ಹುಲ್ಲನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಸಾಮಾನ್ಯವಾಗಿ ಅರ್ಧ ಕಿಲೋದ ಆಸುಪಾಸು ಎಣ್ಣೆ ಸಿಗುತ್ತದೆ; ಎಂದರೆ ತಮ್ಮ ಕೈಯಲ್ಲಿರುವ ಸಣ್ಣ ಬಾಟಲಿಯಲ್ಲಿ ಹದಿನೆಂಟು ಕಿಲೋದಷ್ಟು ಹುಲ್ಲಿನ ಸಾರ ಕೂಡಿದೆ. ಒಂದು ಮಿ.ಲೀ.ನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಹನಿ ಬರುವುದರಿಂದ ಒಂದು ಹನಿಯ ತೂಕ ಸುಮಾರು 35 ರಿಂದ 45 ಮಿಲಿಗ್ರಾಂ, ಮತ್ತು ಅದರ ಮುಕ್ಕಾಲು ಪಾಲು, ಅಂದರೆ ಕಡಿಮೆಯೆಂದರೂ 26 ಮಿಲಿಗ್ರಾಂ, ಸಿಟ್ರಾಲ್ ಎಂಬ ಒಂದೇ ಬಗೆಯ ರಾಸಾಯನಿಕ. ಆಹಾರದ ಮೂಲಕ ದಿನವೊಂದಕ್ಕೆ ಎಷ್ಟು ಸಿಟ್ರಾಲ್ ದೇಹ ಸೇರಬಹುದು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಹಾಕಿರುವ ಮಿತಿ, ದೇಹತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಂ. ಅರವತ್ತು ಕಿಲೋ ತೂಕದ ದೊಡ್ಡವರಿಗೆ ಇದು 30 ಮಿಲಿಗ್ರಾಂ ಆಗುತ್ತದೆ; ಹತ್ತು ಕಿಲೋ ತೂಕದ ಮಗುವಿಗೆ ಕೇವಲ 5 ಮಿಲಿಗ್ರಾಂ. ದೊಡ್ಡವರಿಗೆ ಒಂದೇ ಹನಿಯಲ್ಲಿ ಇಡೀ ದಿನದ ಮಿತಿ ಬಹುತೇಕ ಮುಗಿಯುತ್ತದೆ, ಮಗುವಿಗೆ ಹನಿಯ ಐದನೆಯ ಒಂದು ಭಾಗವೇ ಹೆಚ್ಚು. ಇದರ ಮೇಲೆ ಇನ್ನೊಂದು ಸಂಗತಿ: ಈ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಚಹಾದ ಮೇಲೆ ತೇಲುತ್ತ ನಿಂತ ಹನಿ ಮೊದಲ ಗುಟುಕಿನಲ್ಲಿಯೇ ತೆಳುವಾಗದೆ ನೇರವಾಗಿ ತುಟಿಗೆ, ನಾಲಿಗೆಗೆ, ಗಂಟಲಿಗೆ ತಗಲುತ್ತದೆ. ಮಿಠಾಯಿ, ತಂಪು ಪಾನೀಯಗಳಲ್ಲಿ ಇದನ್ನು ಪರಿಮಳಕ್ಕೆ ಬಳಸುವುದು ನಿಜ. ಆದರೆ ಅಲ್ಲಿ ಅದನ್ನು ತಕ್ಕ ದ್ರಾವಕದಲ್ಲಿ ಮೊದಲು ಕರಗಿಸಿ, ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕದಲ್ಲಿ ಸೇರಿಸುತ್ತಾರೆ. ಅಡುಗೆಮನೆಯಲ್ಲಿ ಆ ಅಳತೆ ಸಾಧ್ಯವಿಲ್ಲ.

ಈಗ ಎಣ್ಣೆಯ ಗುಣದ ವಿಚಾರ. ನಿಂಬೆಯಂಥ ಘಮ, ಚುರುಕು, ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿ, ಚರ್ಮವನ್ನು ಕೆರಳಿಸುವ ಸ್ವಭಾವ, ಇವೆಲ್ಲಕ್ಕೂ ಮುಖ್ಯ ಕಾರಣ ಮೇಲೆ ಹೇಳಿದ ಸಿಟ್ರಾಲ್. ಇದು ಜೆರಾನಿಯಲ್ ಮತ್ತು ನೆರಲ್ ಎಂಬ ಎರಡು ಜೋಡಿ ರೂಪಗಳ ಮಿಶ್ರಣ. ಉತ್ತಮ ಎಣ್ಣೆಯಲ್ಲಿ ಶೇ 70 ರಿಂದ 85 ರವರೆಗೆ ಇರುತ್ತದೆ, ಮತ್ತು ವ್ಯಾಪಾರದಲ್ಲಿ ದರ ನಿಗದಿಯಾಗುವುದೂ ಹೆಚ್ಚಾಗಿ ಇದರ ಮೇಲೆಯೇ. ಉಳಿದುದರಲ್ಲಿ ಜೆರಾನಿಯಾಲ್, ಜೆರಾನಿಲ್ ಅಸಿಟೇಟ್, ಲಿಮೊನೀನ್ ಮೊದಲಾದವು ಸ್ವಲ್ಪ ಸ್ವಲ್ಪ ಇರುತ್ತವೆ. ನಮ್ಮ ದೇಶದಲ್ಲಿ ಎಣ್ಣೆಗಾಗಿ ಹೆಚ್ಚಾಗಿ ಬೆಳೆಯುವುದು ಸಿಂಬೊಪೋಗಾನ್ ಫ್ಲೆಕ್ಸುಯೋಸಸ್ ಎಂಬ ಜಾತಿಯನ್ನು. ಅನೇಕರ ಹಿತ್ತಲಿನಲ್ಲಿ ಚಹಾಕ್ಕೆಂದು ಬೆಳೆಸುವುದು ಅದರ ಸಮೀಪದ ಬಂಧುವಾದ ಸಿಂಬೊಪೋಗಾನ್ ಸಿಟ್ರಾಟಸ್. ಕೇರಳದ ಓಡಕ್ಕಾಲಿಯಲ್ಲಿ ಈ ಬೆಳೆಗಾಗಿಯೇ 1951 ರಲ್ಲಿ ಸಂಶೋಧನಾ ಕೇಂದ್ರ ಆರಂಭವಾಗಿ, ಸುಗಂಧಿ ಎಂಬ ತಳಿ ಅಲ್ಲಿಂದ ಬಂದಿತು. ಕೃಷ್ಣಾ, ಪ್ರಗತಿ, ಕಾವೇರಿ ತಳಿಗಳು ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯವು. ಸಿಟ್ರಾಲಿನ ಬೆಲೆ ಸುವಾಸನೆಗಷ್ಟೇ ಸೀಮಿತವಲ್ಲ. ಅದರಿಂದ ಅಯೋನೋನ್ ಎಂಬ ವಸ್ತುವನ್ನು ತಯಾರಿಸಿ, ಅದರಿಂದ ಮುಂದೆ ಎ ಜೀವಸತ್ವವನ್ನು ತಯಾರಿಸುತ್ತಾರೆ.

ಚರ್ಮಕ್ಕೆ ಹಚ್ಚುವ ಮಾತಿಗೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಜನ ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ಉರಿ. ತೆಳುಗೊಳಿಸದ ಎಣ್ಣೆ ತಗಲಿದಲ್ಲಿ ಚರ್ಮ ಕೆಂಪಾಗಿ ಚುರುಗುಟ್ಟುತ್ತದೆ. ತೊಳೆದು ಬಿಟ್ಟರೆ ಕೆಲ ಹೊತ್ತಿನಲ್ಲಿ ಅಥವಾ ಕೆಲ ದಿನಗಳಲ್ಲಿ ಶಮನವಾಗುತ್ತದೆ. ಎರಡನೆಯದು ಅಲರ್ಜಿ. ಇದು ಮೊದಲ ಸಲಕ್ಕೆ ಕಾಣಿಸಿಕೊಳ್ಳದೇ ಇರಬಹುದು. ತಿಂಗಳುಗಟ್ಟಲೆ ಹಚ್ಚಿಕೊಂಡು ಏನೂ ಆಗದವರಿಗೆ ಒಂದು ದಿನ ದೇಹ ಈ ವಸ್ತುವನ್ನು ವೈರಿಯೆಂದು ಗುರುತಿಸಿ, ಆ ನಂತರ ಅತಿ ಕಡಿಮೆ ಪ್ರಮಾಣಕ್ಕೂ ತುರಿಕೆ, ಗುಳ್ಳೆ, ಊತ ಎದ್ದೇಳಬಹುದು. ಒಮ್ಮೆ ಹೀಗಾದರೆ ಸಾಮಾನ್ಯವಾಗಿ ಅದು ಜೀವನಪೂರ್ತಿ ಉಳಿಯುತ್ತದೆ. ಸಿಟ್ರಾಲ್ ಅನೇಕ ಸೋಪು, ಶಾಂಪೂ, ಅತ್ತರುಗಳಲ್ಲಿಯೂ ಇರುವುದರಿಂದ ಅಂಥವರ ಕಷ್ಟ ಈ ಎಣ್ಣೆಯ ಬಾಟಲಿಗೇ ಮುಗಿಯುವುದಿಲ್ಲ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ, ಹಚ್ಚಿ ಬಿಡುವ ಸೌಂದರ್ಯವರ್ಧಕಗಳಲ್ಲಿ ಸಿಟ್ರಾಲ್ ಶೇ 0.001 ಮೀರಿದರೆ, ತೊಳೆದುಬಿಡುವಂಥವುಗಳಲ್ಲಿ ಶೇ 0.01 ಮೀರಿದರೆ, ಅದರ ಹೆಸರನ್ನು ಲೇಬಲ್ಲಿನ ಮೇಲೆ ಮುದ್ರಿಸಲೇಬೇಕು. ನೈಸರ್ಗಿಕವಾದುದು ನಿರಪಾಯಕರ ಎಂಬ ನಂಬಿಕೆಯಿಂದ ಬೇಸಿಗೆಯಲ್ಲಿ ಮೈತುಂಬ ಸವರಿಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಆದ್ದರಿಂದ ಈ ಎಣ್ಣೆಯನ್ನು ಚರ್ಮಕ್ಕೆ ಹಚ್ಚುವುದಾದರೆ ಬೇರೊಂದು ಎಣ್ಣೆಯಲ್ಲಿ ತೆಳುಗೊಳಿಸಿಯೇ ಹಚ್ಚಬೇಕು, ಮತ್ತು ಮಿಶ್ರಣದಲ್ಲಿ ಇದರ ಪ್ರಮಾಣ ಶೇ 0.7 ಮೀರಬಾರದು. ಎಂದರೆ 100 ಮಿ.ಲೀ. ಕೊಬ್ಬರಿ ಎಣ್ಣೆಗೋ ಕುಸುಬಿ ಎಣ್ಣೆಗೋ ಎಳ್ಳೆಣ್ಣೆಗೋ ಹದಿನಾಲ್ಕು ಹನಿ, 30 ಮಿ.ಲೀ.ಗೆ ನಾಲ್ಕು ಹನಿ. ನೀರಿನಲ್ಲಿಯಾಗಲಿ ಹಾಲಿನಲ್ಲಿಯಾಗಲಿ ಕಲೆಸಿದರೆ ಅದು ತೆಳುವಾಗುವುದಿಲ್ಲ, ಸ್ನಾನದ ಬಕೆಟಿಗೆ ಹಾಕಿದರೂ ತೇಲಿಬಂದು ಮೈಗೆ ಹಾಗೆಯೇ ಅಂಟಿಕೊಳ್ಳುತ್ತದೆ. ತೆಳುಗೊಳಿಸಿದ ಮೇಲೂ ಮೊದಲು ಮುಂಗೈಯ ಒಳಬದಿಗೆ ಕಾಳಿನಷ್ಟು ಜಾಗದಲ್ಲಿ ಹಚ್ಚಿ ಎರಡು ದಿನ ನೋಡಬೇಕು. ಅಲರ್ಜಿ ತಡವಾಗಿ ಕಾಣಿಸಿಕೊಳ್ಳುವ ಸ್ವಭಾವದ್ದಾದ್ದರಿಂದ ಅರ್ಧ ಗಂಟೆಯ ಪರೀಕ್ಷೆಗೆ ಅರ್ಥವಿಲ್ಲ. ಬಿಸಿಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಸರಿಪಡಿಸುತ್ತೇನೆ: ಸಿಪ್ಪೆಯನ್ನು ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುವುದುಂಟು. ಮಜ್ಜಿಗೆ ಹುಲ್ಲಿನ ಎಣ್ಣೆಗೆ ಆ ದೋಷವಿಲ್ಲ. ವಾಸನೆ ಒಂದೇ ಬಗೆಯದಾದರೂ ಇವೆರಡೂ ಬೇರೆ.

ತಮ್ಮ ಅತ್ತೆಯವರ ವಿಷಯದಲ್ಲಿ ಮಾತ್ರ ನಾನು ಇನ್ನೂ ಹಿಂದೇಟು ಹಾಕುತ್ತೇನೆ. ಈ ಎಣ್ಣೆ ಮೊಣಕಾಲಿನ ಸವೆತವನ್ನು ವಾಸಿಮಾಡುತ್ತದೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಬೆಚ್ಚಗಿನ ಎಣ್ಣೆಯಿಂದ ಮೃದುವಾಗಿ ತಿಕ್ಕಿದಾಗ ಸಿಗುವ ಹಿತದಲ್ಲಿ ಬಹುಪಾಲು ತಿಕ್ಕುವುದರದ್ದು, ಬೆಚ್ಚನೆಯದು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರ ಕಾಲಿನಲ್ಲಿ ಸ್ಪರ್ಶಜ್ಞಾನ ಹಲವೊಮ್ಮೆ ಕುಂದಿರುತ್ತದೆ. ಎಣ್ಣೆ ಉರಿಯುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಗುಳ್ಳೆ ಎದ್ದಿರುತ್ತದೆ, ಆ ಗುಳ್ಳೆ ಗಾಯವಾದರೆ ಬೇಗ ಮಾಯುವುದೂ ಇಲ್ಲ. ವಯಸ್ಸಾದವರ ತೆಳು ಚರ್ಮ ಇದಕ್ಕೆ ಕೂಡಿಕೊಳ್ಳುತ್ತದೆ. ಅವರಿಗೆ ಬರಿಯ ಕೊಬ್ಬರಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಉಗುರುಬೆಚ್ಚಗೆ ಮಾಡಿ ತಿಕ್ಕುವುದೇ ಒಳ್ಳೆಯದು. ಘಮಕ್ಕಾಗಿ ಬೇಕೇಬೇಕೆಂದರೆ, ಅವರ ವೈದ್ಯರನ್ನು ಕೇಳಿದ ನಂತರ, ಮೇಲೆ ಹೇಳಿದ ಅಳತೆಯ ಅರ್ಧದಷ್ಟನ್ನು ಮೊಣಕಾಲಿಗೆ ಮಾತ್ರ ಹಚ್ಚಬಹುದು. ಪಾದಕ್ಕೆ ಬೇಡ, ಬಿರುಕು ಬಿಟ್ಟ ಜಾಗಕ್ಕೆ ಬೇಡ, ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡುವುದಾಗಲಿ ಬಟ್ಟೆ ಬಿಗಿದು ಕಟ್ಟುವುದಾಗಲಿ ಬೇಡ.

ಮೊಮ್ಮಗನಿಗೆ ಸವರುವುದಂತೂ ಬೇಡವೇ ಬೇಡ. ಎರಡು ವರ್ಷದೊಳಗಿನ ಮಗುವಿನ ಚರ್ಮ ತೆಳು. ಜೊತೆಗೆ ಮಗು ಕೈಯನ್ನು ಬಾಯಿಗೆ, ಕಣ್ಣಿಗೆ ಒಯ್ಯದೆ ಬಿಡುವುದಿಲ್ಲ. ಈ ಎಣ್ಣೆಗೆ ಸೊಳ್ಳೆಯನ್ನು ದೂರವಿಡುವ ಗುಣ ಸ್ವಲ್ಪ ಮಟ್ಟಿಗೆ ಇರುವುದು ನಿಜ, ಆದರೆ ಅದು ಬೇಗ ಆವಿಯಾಗುವುದರಿಂದ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಡೆಂಗೆ ಹರಡುವ ಸೊಳ್ಳೆ ಕಡಿಯುವುದು ಹಗಲು ಹೊತ್ತಿನಲ್ಲಿ, ಅದು ಹುಟ್ಟುವುದು ನಾವು ತುಂಬಿಟ್ಟ ನೀರಿನಲ್ಲಿ. ನಳದ ನೀರು ದಿನ ಬಿಟ್ಟು ದಿನ ಬರುವ ನಮ್ಮ ಕಡೆ ಹಂಡೆ, ಬ್ಯಾರಲ್ಲುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಅವನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದು, ಮಗು ಹಗಲು ಮಲಗಿದಾಗಲೂ ಸೊಳ್ಳೆಪರದೆ ಕಟ್ಟಿದರೆ ಈ ಬಾಟಲಿಗಿಂತ ಎಷ್ಟೋ ಪಾಲು ಹೆಚ್ಚು ರಕ್ಷಣೆ ಸಿಗುತ್ತದೆ. ಸೊಳ್ಳೆ ಓಡಿಸುವ ವಿದ್ಯುತ್ ಯಂತ್ರದ ಖಾಲಿ ಬಾಟಲಿಗೆ ಈ ಎಣ್ಣೆಯನ್ನು ತುಂಬಿ ಹಚ್ಚುವ ಪದ್ಧತಿಯನ್ನೂ ಕೆಲವರು ಹೇಳಿಕೊಡುತ್ತಾರೆ. ಆ ಯಂತ್ರದ ಬಿಸಿ ಈ ಎಣ್ಣೆಗಾಗಿ ಲೆಕ್ಕಹಾಕಿದ್ದಲ್ಲ, ಮತ್ತು ಈ ಎಣ್ಣೆ ಬೆಂಕಿ ಹತ್ತುವ ಜಾತಿಯದು, ಹಾಗೆ ಮಾಡಬಾರದು. ದೀಪದ ಎಣ್ಣೆಗೂ ಬೆರೆಸಬಾರದು.

ಗರ್ಭಿಣಿಯರು ಈ ಎಣ್ಣೆಯಿಂದ ದೂರವಿರುವುದು ಲೇಸು. ಭ್ರೂಣದ ಬೆಳವಣಿಗೆಗೆ ಎ ಜೀವಸತ್ವದಿಂದ ದೇಹದಲ್ಲಿ ತಯಾರಾಗುವ ರೆಟಿನಾಯಿಕ್ ಆಮ್ಲ ಬೇಕು. ಹೆಚ್ಚಿನ ಪ್ರಮಾಣದಲ್ಲಿ ಸಿಟ್ರಾಲ್ ಆ ತಯಾರಿಕೆಗೆ ಅಡ್ಡಿಯಾಗಬಲ್ಲದು. ಉಬ್ಬಸ ಇರುವವರ ಕೋಣೆಯಲ್ಲಿ ಇದನ್ನು ಆವಿಯಾಗಿಸಬಾರದು, ಮನೆಯಲ್ಲಿ ಬೆಕ್ಕು ಇದ್ದರೂ ಬೇಡ, ಏಕೆಂದರೆ ಇಂಥ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಬೇರೆಯವರು ಕೋಣೆಯ ಸುವಾಸನೆಗೆ ಬಳಸುವುದಾದರೆ ಮೂರ್ನಾಲ್ಕು ಹನಿ, ಅರ್ಧ ಗಂಟೆ, ಕಿಟಕಿ ತೆರೆದಿರಲಿ.

ಆಕಸ್ಮಿಕವಾಗಿ ಚರ್ಮದ ಮೇಲೆ ಚೆಲ್ಲಿದರೆ ನೀರು ಸುರಿಯುವ ಮೊದಲು ಅಡುಗೆಯ ಎಣ್ಣೆ ಹಚ್ಚಿ ಒರೆಸಬೇಕು, ಶೇಂಗಾ ಎಣ್ಣೆಯಾದರೂ ಸರಿ. ಅನಂತರ ಸೋಪಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಹರಿಯುವ ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ವೈದ್ಯರಿಗೆ ತೋರಿಸಬೇಕು. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ನಮ್ಮ ಮನೆಗಳಲ್ಲಿ ಉಪ್ಪುನೀರು ಕುಡಿಸಿ ಕಕ್ಕಿಸುವ ರೂಢಿ ಇದೆ, ಇಲ್ಲಿ ಅದು ಪ್ರಾಣಕ್ಕೇ ಮುಳುವಾಗಬಹುದು, ಏಕೆಂದರೆ ಕಕ್ಕುವಾಗ ತೆಳ್ಳನೆಯ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ತೀವ್ರವಾದ ನ್ಯುಮೋನಿಯಾ ಆಗುತ್ತದೆ. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈ ಬಾಟಲಿಯನ್ನು ಕೆಮ್ಮಿನ ಔಷಧಿಯ ಪಕ್ಕದಲ್ಲಿಡದೆ, ಮಗುವಿನ ಕೈಗೆಟುಕದ ಬೀರುವಿನಲ್ಲಿ ಬೀಗದೊಳಗೆ ಇಡಿರಿ.

ಅಸಲಿಯನ್ನು ಗುರುತಿಸುವ ಪ್ರಶ್ನೆಗೆ ಮನೆಯಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ, ಆದರೆ ಒರಟು ಕಲಬೆರಕೆಯನ್ನು ಹಿಡಿಯಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ನೆರಳಿನಲ್ಲಿ ಇಡಿರಿ. ಶುದ್ಧ ಎಣ್ಣೆ ಆರಿಹೋಗಿ ಹೆಚ್ಚೆಂದರೆ ಮಸುಕಾದ ಹಳದಿ ಗುರುತು ಉಳಿಸುತ್ತದೆ. ಅಡುಗೆಯ ಎಣ್ಣೆ ಬೆರೆಸಿದ್ದರೆ ಬಜಿ ಕಟ್ಟಿದ ಕಾಗದದಂತೆ ಜಿಡ್ಡು ಪಾರದರ್ಶಕವಾಗಿ ನಿಲ್ಲುತ್ತದೆ. ಸೀಮೆಎಣ್ಣೆಯ ವಾಸನೆ ಕೊನೆಯಲ್ಲಿ ಉಳಿದರೆ ಅದು ಬೇರೆ ಮಾತು ಬೇಡದ ಸಾಕ್ಷಿ. ಲೋಟದ ನೀರಿಗೆ ಹನಿ ಬಿಟ್ಟಾಗ ತೇಲುವ ಬದಲು ನೀರೆಲ್ಲ ಹಾಲಿನಂತಾದರೆ ಸಾಬೂನಿನ ಗುಣದ ಏನನ್ನೋ ಸೇರಿಸಿದ್ದಾರೆ. ಬಣ್ಣ ತಿಳಿಹಳದಿಯಿಂದ ಕಂದುಹಳದಿಯವರೆಗೆ ಇರಬಹುದು. ಕೆಂಪು ಮಿಶ್ರಿತ ಕಡುಗಂದು ಇದ್ದರೆ ತುಕ್ಕು ಹಿಡಿದ ಕಬ್ಬಿಣದ ಪಾತ್ರೆಯಲ್ಲಿ ಭಟ್ಟಿ ಇಳಿಸಿರಬಹುದು ಅಥವಾ ಎಣ್ಣೆ ಹಳತಾಗಿರಬಹುದು. ಮಸುಕಾಗಿ ಮೋಡ ಕವಿದಂತೆ ಕಂಡರೆ ನೀರಿನಂಶ ಉಳಿದಿದೆ ಎಂದರ್ಥ. ಆದರೆ ಕಾರ್ಖಾನೆಯಲ್ಲಿ ತಯಾರಾದ ಸಿಟ್ರಾಲನ್ನು ಸೇರಿಸಿದ ಎಣ್ಣೆ ಈ ಎಲ್ಲ ಪರೀಕ್ಷೆಗಳನ್ನೂ ದಾಟಿಬಿಡುತ್ತದೆ. ಅದನ್ನು ಗುರುತಿಸಲು ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ ಪ್ರಯೋಗಾಲಯದ ಪರೀಕ್ಷೆ ಬೇಕು. ಪ್ರಾಮಾಣಿಕ ಮಾರಾಟಗಾರರು ಬಾಟಲಿಯ ಮೇಲೆ ಸಸ್ಯದ ಶಾಸ್ತ್ರೀಯ ಹೆಸರು, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ ಹಾಕಿರುತ್ತಾರೆ, ಕೇಳಿದರೆ ಆ ಬ್ಯಾಚಿನ ಪರೀಕ್ಷಾ ವರದಿ ಕೊಡುತ್ತಾರೆ. ಸಿಟ್ರೊನೆಲ್ಲಾ ಎಣ್ಣೆ, ಪಾಮರೋಸಾ ಎಣ್ಣೆಗಳೂ ಇದೇ ಕುಲದ ಹುಲ್ಲುಗಳಿಂದ ಬರುವುದರಿಂದ ಶಾಸ್ತ್ರೀಯ ಹೆಸರು ಇಲ್ಲದ ಬಾಟಲಿಯನ್ನು ನಾನಂತೂ ಕೊಳ್ಳುವುದಿಲ್ಲ. ಒಂದು ಮಾತು ನೆನಪಿರಲಿ: ಎಣ್ಣೆ ಎಷ್ಟು ಶುದ್ಧವೋ ಅಷ್ಟು ತೀಕ್ಷ್ಣ. ಶುದ್ಧವಾದದ್ದು ಎಂಬ ಕಾರಣಕ್ಕೆ ಮೇಲೆ ಹೇಳಿದ ಅಳತೆಯನ್ನು ಸಡಿಲಿಸುವಂತಿಲ್ಲ.

ಗಾಳಿ, ಬೆಳಕು, ಬಿಸಿ ಮೂರೂ ಸಿಟ್ರಾಲನ್ನು ಕೆಡಿಸುತ್ತವೆ, ಕೆಟ್ಟ ಎಣ್ಣೆ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಕಂದು ಗಾಜಿನ ಬಾಟಲಿಯಲ್ಲಿ, ಮುಚ್ಚಳ ಬಿಗಿಮಾಡಿ, ಒಲೆಯಿಂದ ದೂರ ಇಡಿರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತಗಡಿನ ಮನೆಗಳ ಒಳಗೆ ಕಾಯುವ ಝಳಕ್ಕೆ ಅದು ನಿಲ್ಲುವುದಿಲ್ಲ. ಬಿಗಿಯಾದ ಡಬ್ಬಿಯೊಳಗಿಟ್ಟು ಫ್ರಿಜ್ಜಿನಲ್ಲಿ ಇಡಬಹುದು. ಸಾದಾ ಪ್ಲಾಸ್ಟಿಕ್ ಬಾಟಲಿಗೆ ಸುರಿದಿಡಬೇಡಿರಿ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ಥರ್ಮೋಕೋಲನ್ನೂ ಇದು ಮೆತ್ತಗೆ ಮಾಡಿ ಕರಗಿಸುತ್ತದೆ. ಬಾಟಲಿ ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಒಂದು ವರ್ಷ ದಾಟಿದ ಮೇಲೆ ಚರ್ಮಕ್ಕೆ ಬಳಸುವುದನ್ನು ನಿಲ್ಲಿಸಿರಿ. ದಪ್ಪಗಾದ, ಹುಳಿವಾಸನೆ ಬಂದ ಎಣ್ಣೆಯನ್ನು ನೆಲ ಒರೆಸುವುದಕ್ಕೂ ಬಳಸಬೇಡಿರಿ.

ಹಾಗಾದರೆ ಒಳ್ಳೆಯ ಎಣ್ಣೆಯಿಂದ ಏನು ಮಾಡಬಹುದು? ನನ್ನ ಅಭಿಪ್ರಾಯದಲ್ಲಿ ಇದು ಮೈಗಿಂತ ಮನೆಗೆ ಹೆಚ್ಚು ಒಪ್ಪುವ ಎಣ್ಣೆ. ಒಂದು ಚಮಚ ದ್ರವರೂಪದ ಸೋಪಿನಲ್ಲಿ ಹತ್ತು ಹನಿ ಚೆನ್ನಾಗಿ ಕಲೆಸಿ, ಅದನ್ನು ಒಂದು ಲೀಟರ್ ನೀರಿಗೆ ಹಾಕಿ ನೆಲ ಒರೆಸಿದರೆ ಮನೆಯಲ್ಲಿ ಘಮ ನಿಲ್ಲುತ್ತದೆ, ನೊಣದ ಕಾಟವೂ ಕಡಿಮೆಯಾದೀತು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಕೊನೆಗೊಮ್ಮೆ ಬರಿ ನೀರಿನಿಂದ ಒರೆಸಬೇಕು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಹಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಇದು ತಡೆದಿರುವುದು ದಾಖಲಾಗಿದೆ, ಆದರೆ ಅದನ್ನೇ ಹಿಡಿದು ಗಾಯಕ್ಕೆ, ಹುಳುಕಡ್ಡಿಗೆ ಔಷಧಿಯೆಂದು ಹಚ್ಚುವುದು ಸರಿಯಲ್ಲ. ಜೇನು ಸಾಕುವವರಿಗೆ ಇದರ ಇನ್ನೊಂದು ಉಪಯೋಗ ಗೊತ್ತು: ಕೆಲಸಗಾರ ಜೇನ್ನೊಣಗಳು ತಮ್ಮವರನ್ನು ಕರೆಯಲು ಸೂಸುವ ವಾಸನೆಯಲ್ಲಿ ಸಿಟ್ರಾಲ್ ಮತ್ತು ಜೆರಾನಿಯಾಲ್ ಇರುತ್ತವೆ, ಆದ್ದರಿಂದ ಖಾಲಿ ಪೆಟ್ಟಿಗೆಯ ಒಳಗೆ ಒಂದೆರಡು ಹನಿ ಸವರಿ ಹಿಂಡನ್ನು ಆಕರ್ಷಿಸುತ್ತಾರೆ. ಕಲಘಟಗಿಯ ಕಾಡಂಚಿನಂಥ ಊರುಗಳಲ್ಲಿ ಜೇನು ಪೆಟ್ಟಿಗೆ ಇಟ್ಟವರು ಇದನ್ನು ಮಾಡಿ ನೋಡಬಹುದು.

ಇನ್ನು ಸಂಘದವರ ಸೋಪು. ತೊಳೆದುಹೋಗುವ ವಸ್ತುವಾದ್ದರಿಂದ ಇದು ಈ ಎಣ್ಣೆಗೆ ಒಳ್ಳೆಯ ದಾರಿ, ಒಂದು ಕಿಲೋ ಸೋಪಿಗೆ 10 ಗ್ರಾಂ ಸಾಕು. ಕಾಸ್ಟಿಕ್ ಸೋಡಾ ಬಳಸಿ ಮಾಡುವ ಸೋಪಿನಲ್ಲಿ ಕ್ಷಾರಕ್ಕೆ ಸಿಕ್ಕ ಸಿಟ್ರಾಲ್ ಸ್ವಲ್ಪ ಸ್ವಲ್ಪವಾಗಿ ಒಡೆದು ಘಮ ಕುಂದುತ್ತದೆ. ಆದ್ದರಿಂದ ಎಣ್ಣೆಯನ್ನು ಕೊಟ್ಟಕೊನೆಗೆ ಸೇರಿಸಬೇಕು. ಗ್ಲಿಸರಿನ್ ಸೋಪಿನ ಗಟ್ಟಿಯನ್ನು ಕರಗಿಸಿ ಮಾಡುವುದಾದರೆ ಅದು 60 ಡಿಗ್ರಿಗಿಂತ ಕೆಳಗೆ ತಣಿದ ಮೇಲೆ, ಅಚ್ಚಿಗೆ ಸುರಿಯುವ ಮುನ್ನ ಹಾಕಿರಿ. ಅಳೆಯುವುದು ಹನಿಯಲ್ಲಿ ಬೇಡ, ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ಆಗಲಿ. ಕೆಲಸ ಮಾಡುವ ಹೆಣ್ಣುಮಕ್ಕಳು ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಹಾಕಿಕೊಂಡು, ಕಿಟಕಿ ತೆರೆದು ಕೂಡಬೇಕು, ಏಕೆಂದರೆ ದಿನವೂ ತೀಕ್ಷ್ಣ ಎಣ್ಣೆ ಮುಟ್ಟುವವರಿಗೇ ಅಲರ್ಜಿ ಅಂಟಿಕೊಳ್ಳುವ ಸಂಭವ ಎಲ್ಲರಿಗಿಂತ ಹೆಚ್ಚು. ಸ್ನಾನದ ಸೋಪು ನಮ್ಮ ಕಾನೂನಿನಲ್ಲಿ ಸೌಂದರ್ಯವರ್ಧಕಗಳ ವರ್ಗಕ್ಕೆ ಸೇರುತ್ತದೆ; 1940 ರ ಔಷಧಿ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020 ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಕಚೇರಿಯಿಂದ ಪರವಾನಗಿ ಪಡೆಯಬೇಕು. ಎಣ್ಣೆ ಹೆಚ್ಚು ಕೊಳ್ಳುವ ಮುನ್ನವೇ ಆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿರಿ. ಲೇಬಲ್ಲಿನ ಮೇಲೆ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸದ ಜೊತೆಗೆ, ಲೆಮನ್ ಗ್ರಾಸ್ ಎಣ್ಣೆ ಇದೆ, ಅದರಲ್ಲಿ ಸಿಟ್ರಾಲ್ ಇದೆ, ಮಗುವಿಗೆ ಬಳಸಬಾರದು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿರಿ.